ಸೂಪರ್ ಮೀಟಿಯೋರ್ 650: ಮುಂದಿನಿಂದ ಮದುಮಗ, ಹಿಂದಿನಿಂದ ಯಾರು?

ದಾವಣಗೆರೆ_ದಾರಿ
ರಾಯಲ್ ಎನ್‌ಫೀಲ್ಡ್‌ನ ಈ ಹೊಸ ಕ್ರೂಸರ್ ಬೈಕಿನ (ಕಾಲು ಮುಂದೆ ಚಾಚಿ ತಗ್ಗಾಗಿ ಕೂರುವ ಗಾಡಿ) ಬೆಲೆ 2023ರ ಜನವರಿಯಲ್ಲೇ ಹೊರಬಿತ್ತು, ಈಗ ಗಾಡಿ ಶೋರೂಂಗೂ ಬಂದಿದೆ. ಮೂರು ವೇರಿಯಂಟ್: ಆಸ್ಟ್ರಲ್ 3.49 ಲಕ್ಷ, ಎರಡು ಬಣ್ಣದ ಇಂಟರ್‌ಸ್ಟೆಲ್ಲರ್ 3.64, ಮುಂದೆ ಗ್ಲಾಸು ಹಿಂದೆ ಬ್ಯಾಕ್‌ರೆಸ್ಟ್ ಇರುವ ಸೆಲೆಸ್ಟಿಯಲ್ 3.79. ಎಲ್ಲ ಎಕ್ಸ್ ಶೋರೂಂ. ಟ್ಯಾಕ್ಸ್, ಇನ್ಶೂರೆನ್ಸ್ ಸೇರಿದರೆ ನಾಲ್ಕು ದಾಟುತ್ತೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಡಾಕ್ಟರ್ ಹತ್ತಿರ ಎನ್‌ಫೀಲ್ಡ್‌ನ ಹಳೇ ಕ್ರೂಸರ್ ಥಂಡರ್‌ಬರ್ಡ್ ಒಂದು ಇತ್ತು. ಸಂಜೆ ಅವರು ಕ್ಲಿನಿಕ್ ಮುಗಿಸಿ ಬರುವ ಸದ್ದು ಕೇಳಿದರೆ ಸಾಕು, ಹೋಂವರ್ಕ್ ಬಿಟ್ಟು ಗೇಟಿಗೆ ಓಡುತ್ತಿದ್ದೆ. ಕ್ರೂಸರ್ ಹುಚ್ಚು ಅಲ್ಲಿಂದ ಶುರು. ಹೋದ ನವೆಂಬರಿನಲ್ಲಿ ಮಿಲಾನ್ ಬೈಕ್ ಶೋದಲ್ಲಿ ಈ ಗಾಡಿ ತೋರಿಸಿದಾಗ ಫೋಟೋ ನೋಡಿ ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡೆ. ಹೆಂಡತಿ ಫೋಟೋ ತೆಗೆದು ಅದನ್ನು ಹಾಕಿದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತಿಲ್ಲ, ಅದು ಬೇರೆ ಕಥೆ.

ನಿನ್ನೆ ಶೋರೂಂಗೆ ಹೋಗಿ ಮೂರು ಸಲ ಪ್ರದಕ್ಷಿಣೆ ಹಾಕಿ ಬಂದೆ. ಮುಂದಿನಿಂದ ನೋಡಿದರೆ ಏನು ಗತ್ತು ಗುರು! ಆ ದಪ್ಪ ಫೋರ್ಕು, ಎಲ್‌ಇಡಿ ಹೆಡ್‌ಲೈಟು, ನೀರಿನ ಹನಿಯಂಥ ಟ್ಯಾಂಕು. ಹಾಗೇ ಪಕ್ಕದಿಂದ ಹಿಂದಕ್ಕೆ ಬಂದೆ ನೋಡಿ, ಅಲ್ಲಿ ಉತ್ಸಾಹ ಇಳಿಯಿತು. ಉದ್ದ ಮಡ್‌ಗಾರ್ಡು, ಅದರ ಮೇಲೆ ಒಂದು ದುಂಡು ಲೈಟು, ಕೆಳಗೆ ನೇತಾಡುವ ನಂಬರ್ ಪ್ಲೇಟು. ಮುಂದೆ ಡಿಸೈನ್ ಮಾಡಿದವರು ಊಟಕ್ಕೆ ಎದ್ದು ಹೋದ ಮೇಲೆ ಬೇರೆ ಯಾರೋ ಬಂದು ಮುಗಿಸಿದ ಹಾಗಿದೆ. ನನಗೆ ಮಾತ್ರ ಹೀಗೆ ಕಾಣುತ್ತಾ ಇದೆಯಾ? ಬುಕ್ ಮಾಡೋಕೆ ಕೈ ಬರುತ್ತಿಲ್ಲ. ನಿಜ ಹೇಳಿ.

ಗ್ಯಾರೇಜ್_ಗಿರಾಕಿ
ನಿಮಗೆ ಮಾತ್ರ ಅಲ್ಲ.

ಹುಬ್ಬಳ್ಳಿ_ಹ್ಯಾಂಡಲ್
ಓಡಿಸುವಾಗ ಹಿಂಭಾಗ ನೋಡುವವರು ನೀವಲ್ಲರೀ, ಹಿಂದೆ ಬರುವ ಆಟೋದವ. ಅವನ ಚಿಂತೆ ನಿಮಗ್ಯಾಕೆ?

ಇಎಂಐ_ಸವಾರ
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಜಾಜ್ ಅವೆಂಜರ್‌ಗೆ ಆರು ತಿಂಗಳು ಪ್ರೋಟೀನ್ ಪೌಡರ್ ಕುಡಿಸಿದ ಹಾಗಿದೆ. ನಾಲ್ಕು ಲಕ್ಷ ಕೊಟ್ಟು ಅವೆಂಜರ್ ಅನ್ನಿಸಿಕೊಳ್ಳಬೇಕಾ?

ಅವೆಂಜರ್_220
ಅವೆಂಜರ್ ಅಂದರೆ ಬೈಗುಳ ಯಾವಾಗಿಂದ ಆಯ್ತು ಸ್ವಾಮಿ? ಈ ದೇಶದಲ್ಲಿ ಸಾಮಾನ್ಯ ಸಂಬಳದವನಿಗೆ ಕಾಲು ಮುಂದಕ್ಕೆ ಚಾಚಿ ಕೂರೋ ಸುಖ ತೋರಿಸಿದ್ದೇ ಅದು. ಮೊದಲು ಕವಾಸಕಿ ಬಜಾಜ್ ಎಲಿಮಿನೇಟರ್ ಅಂತ ಇತ್ತು, 175 ಸಿಸಿ. ಅದು ಆಗಿನ ಜೇಬಿಗೆ ಭಾರ. 2005ರಲ್ಲಿ ಅದೇ ಆಕಾರಕ್ಕೆ ಪಲ್ಸರ್ ಎಂಜಿನ್ ಕೂರಿಸಿ ಅವೆಂಜರ್ ಅಂತ ಬಿಟ್ಟರು. ನನ್ನದು 220, ಹನ್ನೊಂದು ವರ್ಷ ಆಯ್ತು. ಬೆಂಗಳೂರಿಂದ ಗೋಕರ್ಣಕ್ಕೆ ಹೋಗಿ ಇಳಿದರೆ ಸೊಂಟ ಇನ್ನೂ ಸೊಂಟದ ಜಾಗದಲ್ಲೇ ಇರುತ್ತೆ. ನಿಮ್ಮ ಸ್ಪೋರ್ಟ್ಸ್ ಬೈಕಿನಲ್ಲಿ ಹೋಗಿ ಬಂದು ಆಮೇಲೆ ಮಾತಾಡಿ.

ಇಎಂಐ_ಸವಾರ
ಅಣ್ಣ ಕ್ಷಮಿಸಿ, ಗಾಡಿಗೆ ಬೈದದ್ದಲ್ಲ, ಬೆಲೆಗೆ ಬೈದದ್ದು.

ಸ್ಕೇಲ್_ಪೆನ್ಸಿಲ್
ಡಿಸೈನ್ ಓದಿದವನು, ಬೈಕ್ ಕಂಪನಿಯಲ್ಲಿ ಕೆಲಸ ಇಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಕ್ರೂಸರ್ ಚಿತ್ರ ಬರೆಯಲು ಕೂತರೆ ಮೊದಲು ಎಳೆಯುವುದು ಒಂದೇ ಒಂದು ಗೆರೆ. ಹ್ಯಾಂಡಲ್ ಹತ್ತಿರ ಎತ್ತರದಲ್ಲಿ ಶುರುವಾಗಿ, ಟ್ಯಾಂಕಿನ ಮೇಲೆ ಜಾರಿ, ಸೀಟಿನ ಹತ್ತಿರ ಗುಂಡಿಗೆ ಬಿದ್ದು, ಹಿಂದಿನ ಮಡ್‌ಗಾರ್ಡಿನ ಮೇಲೆ ಮತ್ತೆ ಸ್ವಲ್ಪ ಎದ್ದು ನೆಲದ ಕಡೆ ಬಾಗುವ ಗೆರೆ. ಈ ಗಾಡಿಯಲ್ಲಿ ಆ ಗೆರೆ ಚೆನ್ನಾಗಿಯೇ ಬಿದ್ದಿದೆ. ಸೀಟು ನೆಲದಿಂದ 740 ಎಂ.ಎಂ. ಮಾತ್ರ, ಎರಡು ಚಕ್ರದ ನಡುವೆ 1500 ಎಂ.ಎಂ. ಮುಂದೆ 19 ಇಂಚಿನ ಚಕ್ರ, ಹಿಂದೆ 16 ಇಂಚಿನ ದಪ್ಪ ಟೈರು. ಅದಕ್ಕೇ ನಿಂತಲ್ಲೇ ಮೂಗು ಮೇಲೆತ್ತಿ ಕೂತ ಎತ್ತಿನ ಹಾಗೆ ಕಾಣುತ್ತೆ.

ತೊಂದರೆ ಇರುವುದು ಎಂಜಿನ್ನಿನಲ್ಲಿ. ಕೆಟ್ಟದ್ದು ಅಂತಲ್ಲ, ನೋಟದಲ್ಲಿ. ನಮ್ಮ ತಲೆಯಲ್ಲಿ ಕ್ರೂಸರ್ ಅಂದರೆ ಅಮೆರಿಕದ ಹಾರ್ಲೆ ಡೇವಿಡ್‌ಸನ್‌ನ ವಿ ಎಂಜಿನ್. ಅದರ ಎರಡು ಸಿಲಿಂಡರ್ ಒಂದು ಮುಂದೆ ಒಂದು ಹಿಂದೆ ಚಾಚಿಕೊಂಡು ಟ್ಯಾಂಕಿನ ಕೆಳಗಿನ ಜಾಗವನ್ನೆಲ್ಲ ತುಂಬುತ್ತವೆ. ಇಲ್ಲಿರುವುದು 648 ಸಿಸಿಯ ಪ್ಯಾರಲಲ್ ಟ್ವಿನ್, ಎರಡೂ ಸಿಲಿಂಡರ್ ಅಕ್ಕಪಕ್ಕ. ಪಕ್ಕದಿಂದ ನೋಡಿದರೆ ಒಂದೇ ಗೋಪುರ ಕಾಣುತ್ತೆ. ಅದರ ಹಿಂದೆ ಉಳಿಯುವ ಖಾಲಿ ಜಾಗಕ್ಕೆ ದೊಡ್ಡ ಸೈಡ್ ಪ್ಯಾನೆಲ್ ಮುಚ್ಚಬೇಕು. ಆ ಪ್ಯಾನೆಲ್‌ನಿಂದಲೇ ಹಿಂಭಾಗ ಶುರುವಾಗುತ್ತೆ, ಅದಕ್ಕೇ ಅಲ್ಲಿಂದ ಹಿಂದೆ ಬೇರೆ ಗಾಡಿ ಅನ್ನಿಸುವುದು. ಕವಾಸಕಿ ವಲ್ಕನ್ ಎಸ್‌ನಲ್ಲೂ ಇದೇ ಪಾಡು, ಅದೂ ಪ್ಯಾರಲಲ್ ಟ್ವಿನ್.

ಇನ್ನೊಂದು ಮಾತು. ನೀವು ಫೋಟೋದಲ್ಲಿ ನೋಡಿದ್ದು ಯೂರೋಪಿನ ಶೋಗೆ ನಿಲ್ಲಿಸಿದ ಗಾಡಿ. ನಮ್ಮಲ್ಲಿ ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಲೇಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಡಿಸೈನರ್ ಬರೆದ ಚಿತ್ರಕ್ಕೆ ಕಾನೂನು ಬಂದು ಕಬ್ಬಿಣದ ಕಂಬಿ ಕಟ್ಟಿದೆ. ಅರ್ಧ ಬೈಗುಳ ಅದಕ್ಕೆ ಸೇರಬೇಕು.

ಗ್ಯಾರೇಜ್_ಗಿರಾಕಿ
ಅದಕ್ಕೇ ನಾನು ಡೆಲಿವರಿ ತಗೊಂಡ ದಿನವೇ ಸಾರಿ ಗಾರ್ಡ್ ಬಿಚ್ಚಿಸೋದು. ಈವರೆಗೆ ಮೂರು ಗಾಡಿ, ಮೂರಕ್ಕೂ ಅದೇ. ಮೊದಲ ಸರ್ವೀಸಿಗೂ ಕಾಯಲ್ಲ.

ಹಿಂದಿನ_ಸೀಟು
ಬಿಚ್ಚಿ ಬಿಚ್ಚಿ. ಹಿಂದೆ ಕೂರುವುದು ನೀವಲ್ಲವಲ್ಲ.

ನಮ್ಮ ಅತ್ತೆಯ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಾಡಿ ನಿಧಾನಕ್ಕಿತ್ತು, ದೇವರು ದೊಡ್ಡವನು, ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆ ಗಾಡಿಯಲ್ಲೂ "ಲುಕ್ ಹಾಳಾಗುತ್ತೆ" ಅಂತ ಗಾರ್ಡ್ ತೆಗೆಸಿದ್ದರು. ಸೀರೆ ಮಾತ್ರ ಅಲ್ಲ, ದುಪಟ್ಟಾ, ಪಂಚೆ, ಮಳೆಕೋಟಿನ ತುದಿ ಎಲ್ಲಾ ಸಿಕ್ಕಿಕೊಳ್ಳುತ್ತೆ.

ಇನ್ನು ನನ್ನ ಲೆಕ್ಕದ ಸ್ಟೈಲ್ ಹೇಳಲಾ? ಆ ಉದ್ದ ಮಡ್‌ಗಾರ್ಡ್ ಇರುವುದರಿಂದಲೇ ಹಿಂದಿನವರಿಗೆ ಸೀಟು ಅಂತ ಒಂದು ಸಿಕ್ಕಿದೆ. ಹಿಂಭಾಗ ಕತ್ತರಿಸಿ ಚೂಪು ಮಾಡಿದ ಗಾಡಿಗಳಲ್ಲಿ ನಮ್ಮನ್ನು ಕೂರಿಸುವುದಲ್ಲ, ಅಂಟಿಸುವುದು. ನೀವೆಲ್ಲ ನಾಲ್ಕು ಸಲ ಸುತ್ತು ಹಾಕಿ ನೋಡುತ್ತೀರಿ, ಯಾರಾದರೂ ಒಬ್ಬರು ಹಿಂದೆ ಕೂತು ನೋಡಿದ್ದೀರಾ?

ದಾವಣಗೆರೆ_ದಾರಿ
ಅಕ್ಕ, ನಿಜ ಹೇಳಬೇಕು ಅಂದರೆ ಕೂತು ನೋಡಿಲ್ಲ. ಹೊಳೆಯಲೇ ಇಲ್ಲ. ನಾಳೆ ಹೆಂಡತಿಯನ್ನು ಕರೆದುಕೊಂಡು ಹೋಗ್ತೀನಿ. ಹೇಗೂ ವಾಲ್‌ಪೇಪರ್ ವಿಷಯಕ್ಕೆ ರಾಜಿ ಆಗಬೇಕಿದೆ.

ಗ್ಯಾರೇಜ್_ಗಿರಾಕಿ
ಸರಿ, ಅಕ್ಕ ಹೇಳಿದ್ದಕ್ಕೆ ಎದುರು ಮಾತಿಲ್ಲ. ನನ್ನ ಗಾಡಿ ಹಿಂದೆ ಯಾರೂ ಕೂರಲ್ಲ, ಆ ದುಃಖವೂ ಸೇರಿ ಬಿಚ್ಚಿಸಿದ್ದು.

ಯೆಜ್ಡಿ_ಹೊಗೆ
ಮೈಸೂರಿಂದ. ವಯಸ್ಸು ಅರವತ್ತಮೂರು, ಟೈಪ್ ಮಾಡೋದು ನಿಧಾನ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನೀವೆಲ್ಲ ಹಿಂಭಾಗ ಹಿಂಭಾಗ ಅನ್ನುತ್ತಿದ್ದೀರಿ. ನನಗೆ ಈ ಗಾಡಿಯಲ್ಲಿ ಇಷ್ಟವಾದದ್ದೇ ಹಿಂದಿನಿಂದ ನೋಡಿದಾಗ. ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್, ಸಮಸಮ. ನಮ್ಮ ಯೆಜ್ಡಿಗೆ ಒಂದೇ ಸಿಲಿಂಡರ್ ಇದ್ದರೂ ಎರಡು ಸೈಲೆನ್ಸರ್ ಇತ್ತು. ಅದರ ಹಿಂದೆ ಹೋಗುವ ಹುಡುಗರಿಗೆ ಮೊದಲು ಕಾಣುತ್ತಿದ್ದದ್ದು ಅದೇ, ಆಮೇಲೆ ಹೊಗೆ. ಈಗಿನ ಗಾಡಿಗಳಲ್ಲಿ ಒಂದು ಕಡೆ ಮಾತ್ರ ಹಂಡೆಯಂಥ ಸೈಲೆನ್ಸರ್ ನೇತುಹಾಕುತ್ತಾರೆ, ಇನ್ನೊಂದು ಕಡೆ ಬೋಳು. ಅದಕ್ಕೆ ಯಾರೂ ಏನೂ ಅನ್ನಲ್ಲ.

1961ರಲ್ಲಿ, ಮುಂದೆ ಯೆಜ್ಡಿ ತಯಾರಿಸಿದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಉದ್ಘಾಟನೆ ಮಾಡಿದ್ದು ನಮ್ಮ ಜಯಚಾಮರಾಜ ಒಡೆಯರು. ನಮ್ಮ ಬೀದಿಯಲ್ಲೇ ಐದಾರು ಮನೆಯವರು ಅಲ್ಲಿ ಕೆಲಸಕ್ಕಿದ್ದರು. ಸಂಜೆ ಶಿಫ್ಟ್ ಬಿಟ್ಟರೆ ರಸ್ತೆ ತುಂಬ ಅದೇ ಸದ್ದು. ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ ಕೂಡ, ಕಿಕ್ ಹೊಡೆದು ಮುಂದಕ್ಕೆ ಮಡಚಿದರೆ ಗೇರು. ಗೊತ್ತಿಲ್ಲದವರಿಗೆ ಗಾಡಿ ಕೊಟ್ಟು ಮಜಾ ನೋಡುತ್ತಿದ್ದೆವು. 1996ರಲ್ಲಿ ಬಾಗಿಲು ಹಾಕಿತು. ನನ್ನದು ಇನ್ನೂ ಓಡುತ್ತಾ ಇದೆ, ಭಾನುವಾರ ಮಾತ್ರ.

ಮಲೆನಾಡ್_ಮಡ್‌ಗಾರ್ಡ್
ಸರ್, ಫೋಟೋ ಹಾಕಿ ದಯವಿಟ್ಟು! ಹೊಸ ಯೆಜ್ಡಿ ರೋಡ್‌ಸ್ಟರ್ ಬಗ್ಗೆ ಏನಂತೀರಿ?

ಯೆಜ್ಡಿ_ಹೊಗೆ
ಹೆಸರು ವಾಪಸ್ ಬಂತು, ಯಾದವಗಿರಿ ಬರಲಿಲ್ಲ. ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಗಾಡಿ ಕೆಟ್ಟದು ಅನ್ನಲ್ಲ, ನನ್ನ ತಮ್ಮನ ಮಗ ತಗೊಂಡಿದ್ದಾನೆ, ಖುಷಿಯಾಗಿದ್ದಾನೆ. ನನಗೆ ಮಾತ್ರ ಗೇರ್ ಹಾಕಲು ಹೋದಾಗಲೆಲ್ಲ ಕಾಲು ಕಿಕ್ಕರ್ ಹುಡುಕುತ್ತೆ.

ನಿರ್ವಾಹಕ
ಯೆಜ್ಡಿ ನೆನಪುಗಳಿಗೆ ಬೇರೆ ಎಳೆ ಇದೆ, ಫೋಟೋಗಳನ್ನು ಅಲ್ಲಿ ಹಾಕಿ. ಇಲ್ಲಿ ಸೂಪರ್ ಮೀಟಿಯೋರ್ ಮಾತಾಡೋಣ. (ಸರ್, ಅಲ್ಲಿ ನಿಮ್ಮ ಫೋಟೋಗೆ ನಾನೂ ಕಾಯುತ್ತಿದ್ದೇನೆ.)

ಪೆಟ್ರೋಲ್_ಪಾಪಯ್ಯ
ಹಾರ್ಲೆಯವರ ಫ್ರೇಮ್ ಕಾಪಿ ಹೊಡೆದಿದ್ದಾರೆ ಅಂತ ಯಾರೋ ವಿಡಿಯೋದಲ್ಲಿ ಹೇಳುತ್ತಿದ್ದರು. ಹೆಸರು ಕೂಡ ಸಣ್ಣ ಮೀಟಿಯೋರ್‌ಗೆ ಸುಮ್ನೆ ಸೂಪರ್ ಅಂತ ಅಂಟಿಸಿದ್ದು. ಹೊಸದು ಏನಿದೆ ಇದರಲ್ಲಿ?

ಸ್ಕೇಲ್_ಪೆನ್ಸಿಲ್
ವಿಡಿಯೋದವರು ಬಾಯಿಗೆ ಬಂದದ್ದು ಹೇಳುತ್ತಾರೆ. ಫ್ರೇಮ್ ಕೆಲಸದಲ್ಲಿ ಇರುವುದು ಹ್ಯಾರಿಸ್ ಪರ್ಫಾರ್ಮೆನ್ಸ್ ಅನ್ನುವ ಇಂಗ್ಲೆಂಡಿನ ಹಳೇ ಫ್ರೇಮ್ ಕಸುಬಿನವರು. 2015ರಲ್ಲಿ ಎನ್‌ಫೀಲ್ಡ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಹೆಸರೂ ಸುಮ್ನೆ ಇಟ್ಟದ್ದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಮಾಡುತ್ತಿದ್ದ 700 ಸಿಸಿ ಎರಡು ಸಿಲಿಂಡರ್ ಗಾಡಿಗಳ ಹೆಸರೇ ಮೀಟಿಯೋರ್, ಸೂಪರ್ ಮೀಟಿಯೋರ್. ನಮ್ಮ 350 ಮೀಟಿಯೋರ್ ಬಂದದ್ದು 2020ರಲ್ಲಿ, ಥಂಡರ್‌ಬರ್ಡ್ ಜಾಗಕ್ಕೆ.

ಹೊಸದು ಏನು ಅಂದರೆ, ಎನ್‌ಫೀಲ್ಡ್‌ನಲ್ಲಿ ತಲೆಕೆಳಗಾದ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕೊಳವೆಗಳಲ್ಲಿ ದಪ್ಪನೆಯದು ಮೇಲಿರುತ್ತೆ) ಬಂದದ್ದು ಇದೇ ಮೊದಲು, ಎಲ್‌ಇಡಿ ಹೆಡ್‌ಲೈಟೂ ಇದೇ ಮೊದಲು. ಮುಂಭಾಗ ಅಷ್ಟು ಗಟ್ಟಿಯಾಗಿ ಕಾಣಲು ಆ 43 ಎಂ.ಎಂ. ಫೋರ್ಕೇ ಕಾರಣ.

ಪೆಟ್ರೋಲ್_ಪಾಪಯ್ಯ
ಸರಿ ಸರಿ, ಒಪ್ಪಿದೆ. ಆದರೂ ಎಂಜಿನ್ ಹಳೇದೇ ತಾನೇ? ಎನ್‌ಫೀಲ್ಡ್‌ನದೇ 2018ರ ಇಂಟರ್‌ಸೆಪ್ಟರ್ ಬೈಕಿನದು.

ಹುಬ್ಬಳ್ಳಿ_ಹ್ಯಾಂಡಲ್
ಹಳೇದು ಅಂದರೆ ಪಳಗಿದ್ದು ಅಂತ. ಮದುವೆಗೆ ಅಡುಗೆಯವರನ್ನು ಹುಡುಕುವಾಗ ಹೊಸಬರನ್ನು ಕರೆಯುತ್ತೀರೇನು?

ಐದಡಿ_ಎರಡಿಂಚು
ಇಷ್ಟು ಹೊತ್ತು ಓದುತ್ತಿದ್ದೆ. ಈಗ ನನ್ನ ಸರದಿ.

ನನ್ನ ಎತ್ತರ ಹೆಸರಲ್ಲೇ ಇದೆ. ಹತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಶೋರೂಂಗೆ ಹೋದರೆ ಮೊದಲು ಕೇಳುವುದು "ಮೇಡಂ, ಸ್ಕೂಟಿ ಆ ಕಡೆ ಇದೆ" ಅಂತ. ಅಡ್ವೆಂಚರ್ ಬೈಕ್ ಮೇಲೆ ಹತ್ತಿದರೆ ಸಿಗ್ನಲ್‌ನಲ್ಲಿ ಬ್ಯಾಲೆಯವರ ಹಾಗೆ ಬೆರಳ ತುದಿಯಲ್ಲಿ ನಿಲ್ಲಬೇಕು. ಸೂಪರ್ ಮೀಟಿಯೋರ್ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ನಾನು ನಾಲ್ಕು ಸಲ ಇಳಿದು ಹತ್ತಿ ನೋಡಿದೆ, ಖಾತ್ರಿ ಮಾಡಿಕೊಳ್ಳಲು. ನಿಮಗೆ ಗೆರೆ, ಗೋಪುರ, ಪ್ಯಾನೆಲ್. ನನಗೆ ಆ 740 ಎಂ.ಎಂ. ಸೀಟೇ ಸ್ಟೈಲು. ಟ್ರಾಫಿಕ್ ಸಿಗ್ನಲ್‌ನಲ್ಲಿ ನೆಟ್ಟಗೆ ಕೂತು ಆಕಡೆ ಈಕಡೆ ನೋಡುವವರ ಮುಖದಲ್ಲಿ ಇರುವ ಗತ್ತು ಯಾವ ಬಣ್ಣದಲ್ಲೂ ಸಿಗಲ್ಲ.

ಬೇಜಾರು ಒಂದೇ. 241 ಕೆ.ಜಿ. ತೂಕ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿಜಾರು ಇದೆ. ಓಡಿಸಿಕೊಂಡು ಇಳಿಯಬಹುದು, ಆದರೆ ಮೂಲೆಯ ಪಾರ್ಕಿಂಗಿಂದ ಹಿಂದಕ್ಕೆ ತಳ್ಳುವುದು? ವಾಚ್‌ಮನ್ ಅಂಕಲ್ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಬೇಕು.

ಅವೆಂಜರ್_220
ಮೂಗು ಹೊರಗಡೆ ಇರುವ ಹಾಗೆ ಪಾರ್ಕ್ ಮಾಡಿ ಮೇಡಂ. ಬಂದಾಗ ಒದ್ದಾಡಿದರೂ ಪರವಾಗಿಲ್ಲ, ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಒದ್ದಾಡಬಾರದು. ಇಳಿಜಾರಲ್ಲಿ ಗೇರಿಗೆ ಹಾಕಿಯೇ ಸೈಡ್ ಸ್ಟ್ಯಾಂಡ್ ಹಾಕಿ.

ಮಲೆನಾಡ್_ಮಡ್‌ಗಾರ್ಡ್
ಎಲ್ಲರೂ ಮೇಲಿಂದ ನೋಡುತ್ತಿದ್ದೀರಿ, ಕೆಳಗೆ ನೋಡಿ. ಗ್ರೌಂಡ್ ಕ್ಲಿಯರೆನ್ಸ್ 135 ಎಂ.ಎಂ. ಅಷ್ಟೇ. ತಗ್ಗಾಗಿ ಕಾಣಬೇಕು ಅಂದರೆ ತಗ್ಗಾಗೇ ಇರಬೇಕು, ಸರಿ. ಆದರೆ ನಮ್ಮೂರಿನ ಹಂಪ್? ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ ಇದ್ದು 3.7 ಮೀಟರ್ ಅಗಲಕ್ಕೆ ಹರಡಿರಬೇಕು. ಅಂಥದ್ದಾದರೆ ಯಾವ ಗಾಡಿಯೂ ತಾಗಲ್ಲ. ತೀರ್ಥಹಳ್ಳಿಯಿಂದ ನಮ್ಮ ತೋಟದ ತನಕ ಇರುವ ಹಂಪ್‌ಗಳನ್ನು ಎಂಜಿನಿಯರ್ ಹಾಕಿದ್ದಲ್ಲ, ಬಸ್ಸಿನವರ ಮೇಲೆ ಸಿಟ್ಟು ಬಂದ ಊರಿನವರು ರಾತ್ರೋರಾತ್ರಿ ಹಾಕಿದ್ದು. ಅಗಲ ಒಂದು ಗೇಣು, ಎತ್ತರ ಮೊಣಕಾಲಿಗೆ ಸ್ವಲ್ಪ ಕಮ್ಮಿ.

ನನ್ನ ಹತ್ತಿರ ಮೊದಲು ಬೇರೆ ಒಂದು ತಗ್ಗಿನ ಕ್ರೂಸರ್ ಇತ್ತು, ಕಂಪನಿ ಹೆಸರು ಬೇಡ. ಹೆಂಡತಿ, ಮಗು, ಅಡಿಕೆ ಚೀಲ ಸೇರಿದರೆ ಪ್ರತಿ ಹಂಪಿಗೂ ಹೊಟ್ಟೆ ಉಜ್ಜುತ್ತಿತ್ತು. ಕೊನೆಗೆ ಮನೆಯವಳು ಹಂಪ್ ಬಂದಾಗ ತಾನೇ ಇಳಿದು ನಡೆದು, ದಾಟಿದ ಮೇಲೆ ಹತ್ತುವ ಅಭ್ಯಾಸ ಮಾಡಿಕೊಂಡಳು. ಆ ಗಾಡಿ ಮಾರಿದ ದಿನ ಅವಳು ಪಾಯಸ ಮಾಡಿದ್ದಳು.

ಹಿಂದಿನ_ಸೀಟು
ಪಾಯಸ 😂 ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ಹುಬ್ಬಳ್ಳಿ_ಹ್ಯಾಂಡಲ್
ಅಡಿಕೆ ಚೀಲ ಹಾಕಿಕೊಂಡು ಕ್ರೂಸರ್ ಓಡಿಸಿದ್ದು ತಪ್ಪು ಯಾರದ್ದು ಅಂತ ಯಾರೂ ಕೇಳಬೇಡಿ.

ಮಲೆನಾಡ್_ಮಡ್‌ಗಾರ್ಡ್
ನಮ್ಮ ಕಡೆ ಚೀಲ ಹೊರದ ಗಾಡಿಗೆ ಮನೆಯಲ್ಲಿ ಜಾಗ ಇಲ್ಲ ಮಾರಾಯ್ರೆ.

ಕರಾವಳಿ_ಕ್ರೋಮ್
ಮಂಗಳೂರಿಂದ. ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ, ಅದು ಬಿಟ್ಟು ಸ್ಟೈಲ್ ಚರ್ಚೆ ಹೇಗೆ?

ನನ್ನ ಲೆಕ್ಕದಲ್ಲಿ ಸೆಲೆಸ್ಟಿಯಲ್ ಕೆಂಪು ಮೊದಲು, ಇಂಟರ್‌ಸ್ಟೆಲ್ಲರ್ ಹಸಿರು ಎರಡನೆಯದು. ಆಸ್ಟ್ರಲ್ ಕಪ್ಪು ಎಲ್ಲರಿಗೂ ಇಷ್ಟ, ಅದಕ್ಕೇ ನನಗೆ ಬೇಡ. ಕ್ರೂಸರ್‌ಗೆ ಕ್ರೋಮ್ ಇದ್ದರೇ ಚೆಂದ, ಮದುವೆಮನೆಗೆ ಜರಿ ಇದ್ದ ಹಾಗೆ. ಈಗಿನ ಹುಡುಗರಿಗೆ ಎಲ್ಲವೂ ಮ್ಯಾಟ್ ಕಪ್ಪು ಬೇಕು. ಮೊನ್ನೆ ಒಬ್ಬರ ಗಾಡಿ ನೋಡಿ ಒಲೆಯ ಮೇಲಿನ ದೋಸೆ ಕಾವಲಿ ಅಂದುಕೊಂಡೆ.

ಆದರೆ ಒಂದು ಕಿವಿಮಾತು. ಸಮುದ್ರದ ಹತ್ತಿರ ಇರುವವರಿಗೆ ಕ್ರೋಮ್ ಅಂದರೆ ಇನ್ನೊಂದು ಮಗು ಸಾಕಿದ ಹಾಗೆ. ಉಪ್ಪಿನ ಗಾಳಿಗೆ ಸಣ್ಣ ಸಣ್ಣ ಚುಕ್ಕೆ ಏಳುತ್ತವೆ, ಒಮ್ಮೆ ಎದ್ದರೆ ಮುಗಿಯಿತು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಸಿಹಿನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮೇಲೆ ವ್ಯಾಕ್ಸ್ ಹಚ್ಚಬೇಕು. ಒದ್ದೆ ಇದ್ದಾಗಲೇ ಕವರ್ ಹಾಕಲೇಬಾರದು, ಒಳಗೆ ಬೆವರುತ್ತೆ. ನನ್ನ ಹಳೇ ಗಾಡಿಯ ಸೈಲೆನ್ಸರ್ ಹಾಳಾಗಿದ್ದು ಮಳೆಯಿಂದಲ್ಲ, ಕವರಿನಿಂದ.

ಇಎಂಐ_ಸವಾರ
ಸೆಲೆಸ್ಟಿಯಲ್ ಗ್ಲಾಸು ನನಗೆ ಹಿಡಿಸಲ್ಲ. ಹೆಡ್‌ಲೈಟಿನ ಚೆಂದವನ್ನೆಲ್ಲ ಮುಚ್ಚುತ್ತೆ. ಬಸ್ಸಿನ ಮುಂದಿನ ಗಾಜು ಕಿತ್ತು ಇಟ್ಟ ಹಾಗಿದೆ.

ಅವೆಂಜರ್_220
ಹೈವೇನಲ್ಲಿ ನೂರರಲ್ಲಿ ಎರಡು ಗಂಟೆ ಹೋಗಿ ನೋಡಿ ಬಾಸ್. ನೆಟ್ಟಗೆ ಕೂರುವ ಗಾಡಿಯಲ್ಲಿ ಗಾಳಿ ಪೂರ್ತಿ ಎದೆಗೆ ಬಡಿಯುತ್ತೆ. ಚಿತ್ರದುರ್ಗ ದಾಟುವಷ್ಟರಲ್ಲಿ ಕತ್ತು ಹಿಡಿದುಕೊಂಡಿರುತ್ತೆ. ಆಮೇಲೆ ಬಸ್ಸಿನ ಗಾಜೂ ಚೆಂದ ಕಾಣುತ್ತೆ. ಅಲ್ಲಿ ಗಾಳಿಗೆ ಫ್ಯಾನ್ ಕಂಬಗಳನ್ನೇ ನೆಟ್ಟಿದ್ದಾರೆ, ಸುಮ್ನೆ ಅಲ್ಲ.

ಡಲ್ಲಾಸ್_ಕನ್ನಡಿಗ
ಇಲ್ಲಿಂದ ಓದಿ ನಗು ಬರುತ್ತಿದೆ. ನೀವು 241 ಕೆ.ಜಿ.ಗೆ ಹೆದರುತ್ತಿದ್ದೀರಿ. ನಮ್ಮ ರೈಡಿಂಗ್ ಗುಂಪಿನಲ್ಲಿ ಹೆಚ್ಚಿನವರದ್ದು ಹಾರ್ಲೆ, ಅದರಲ್ಲೂ 114 ಘನ ಇಂಚಿನ ಎಂಜಿನ್, ಅಂದರೆ 1868 ಸಿಸಿ. ನಮ್ಮ ಮಾರುತಿ ಕಾರಿಗಿಂತ ದೊಡ್ಡ ಎಂಜಿನ್! ನಾನು ಸೂಪರ್ ಮೀಟಿಯೋರ್ ಫೋಟೋ ತೋರಿಸಿದರೆ ಒಬ್ಬರು "ಮುದ್ದಾಗಿದೆ" ಅಂದರು. ಮುದ್ದಾಗಿದೆ! ನೀವು ಗತ್ತು ಅಂದದ್ದನ್ನು ಇಲ್ಲಿ ಮುದ್ದು ಅನ್ನುತ್ತಾರೆ.

ಆದರೆ ಒಂದು ಗಮನಿಸಿದೆ. ಇಲ್ಲಿಯ ರಸ್ತೆ ನೂರಾರು ಮೈಲಿ ತಿರುವೇ ಇಲ್ಲದೆ ಹೋಗುತ್ತೆ, ಕ್ರೂಸರ್ ಆಕಾರ ಹುಟ್ಟಿದ್ದೇ ಆ ರಸ್ತೆಗೆ. ಊರಿಗೆ ಬಂದಾಗ ಚಾರ್ಮಾಡಿಯಲ್ಲಿ ಬಾಡಿಗೆ ಕ್ರೂಸರ್ ಓಡಿಸಿದೆ, ಪ್ರತಿ ತಿರುವಿಗೂ ಫುಟ್‌ರೆಸ್ಟ್ ರಸ್ತೆಗೆ ಕೆರೆದು ಕಿಡಿ. ಮೊದಲ ಸಲ ಹೆದರಿದೆ, ಐದನೇ ಸಲಕ್ಕೆ ಬೇಕಂತಲೇ ಕೆರೆದೆ.

ಸ್ಕೇಲ್_ಪೆನ್ಸಿಲ್
ಅಲ್ಲೇ ಇರೋದು ವಿಷಯ. ಅಲ್ಲಿಯ ರಸ್ತೆಗೆ ಹುಟ್ಟಿದ ಆಕಾರವನ್ನು ಇಲ್ಲಿಯ ರಸ್ತೆ, ಇಲ್ಲಿಯ ಸೀರೆ, ಇಲ್ಲಿಯ ಬೆಲೆಗೆ ಹೊಂದಿಸಬೇಕು. ರಾಜಿ ಮಾಡಿಕೊಂಡದ್ದೆಲ್ಲ ಹಿಂಭಾಗದಲ್ಲಿ ಹೋಗಿ ಕೂತಿದೆ, ಮನೆಯ ಬೇಡದ ಸಾಮಾನೆಲ್ಲ ಅಟ್ಟಕ್ಕೆ ಹೋಗುವ ಹಾಗೆ.

ಗ್ಯಾರೇಜ್_ಗಿರಾಕಿ
ಅಟ್ಟ ಸ್ವಚ್ಛ ಮಾಡೋಕೆ ಬೆಂಗಳೂರಿನ ಜೆ.ಸಿ. ರೋಡ್ ಇದೆಯಲ್ಲ. ಸಣ್ಣ ಮಡ್‌ಗಾರ್ಡ್, ಪುಟ್ಟ ಟೇಲ್‌ಲೈಟ್, ಪಕ್ಕಕ್ಕೆ ನಂಬರ್ ಪ್ಲೇಟ್. ಒಂದು ಮಧ್ಯಾಹ್ನದ ಕೆಲಸ.

ನಿರ್ವಾಹಕ
ನಂಬರ್ ಪ್ಲೇಟ್ ಪಕ್ಕಕ್ಕೆ ತಿರುಗಿಸುವ ಸಲಹೆ ಇಲ್ಲಿ ಬೇಡ. ಸೈಲೆನ್ಸರ್ ಬದಲಾಯಿಸುವ ಸಲಹೆಯೂ ಬೇಡ. ಪೊಲೀಸರು ಅವನ್ನೆಲ್ಲ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ಪೇಪರಿನಲ್ಲಿ ನೋಡಿದ್ದೀರಿ ತಾನೇ.

ಗ್ಯಾರೇಜ್_ಗಿರಾಕಿ
ನೋಡಿದ್ದೇನೆ. ಅದರಲ್ಲಿ ಒಂದು ನನ್ನದು. ಎಡದಿಂದ ಮೂರನೆಯದು.

ದಾವಣಗೆರೆ_ದಾರಿ
ವರದಿ ಒಪ್ಪಿಸುತ್ತಿದ್ದೇನೆ. ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಮುಂಭಾಗ ನೋಡಲೇ ಇಲ್ಲ. ಸೀದಾ ಹಿಂದೆ ಹೋಗಿ ಸೀಟು ಒತ್ತಿ ನೋಡಿದಳು, ಹಿಡಿಕೆ ಹಿಡಿದು ಅಲ್ಲಾಡಿಸಿದಳು, ಕೂತಳು, ಇಳಿದಳು. "ನಿಮ್ಮ ಹಳೇ ಬೈಕಿಗಿಂತ ಪರವಾಗಿಲ್ಲ, ಆದರೆ ಬೆನ್ನಿಗೆ ಏನಾದರೂ ಬೇಕು" ಅಂದಳು. ಸೇಲ್ಸ್ ಹುಡುಗ ಅಲ್ಲಿಂದ ಸೆಲೆಸ್ಟಿಯಲ್ ಕಡೆಗೆ ಕರೆದುಕೊಂಡು ಹೋದ, ಹದಿನೈದು ಸಾವಿರ ಮೇಲೆ ಹೋಯಿತು. ಬೇರೆ ವೇರಿಯಂಟ್‌ಗೆ ಬ್ಯಾಕ್‌ರೆಸ್ಟ್ ಆಮೇಲೆ ಹಾಕಿಸಬಹುದು ಅಂತಾನೂ ಹೇಳಿದ. ಅಕ್ಕ ಹೇಳಿದ್ದು ಸರಿ, ನಾನು ಇಷ್ಟು ದಿನ ಅರ್ಧ ಗಾಡಿ ಮಾತ್ರ ನೋಡಿದ್ದೆ. ಹಿಂಭಾಗ ಈಗಲೂ ಚೆಂದ ಅನ್ನಿಸಿಲ್ಲ, ಆದರೆ ಯಾಕೆ ಹಾಗಿದೆ ಅಂತ ಗೊತ್ತಾಯಿತು. ಇಂಟರ್‌ಸ್ಟೆಲ್ಲರ್ ಹಸಿರು ಬುಕ್ ಮಾಡಿದೆ.

ಹಿಂದಿನ_ಸೀಟು
ಸಾರಿ ಗಾರ್ಡ್?

ದಾವಣಗೆರೆ_ದಾರಿ
ಇರುತ್ತೆ ಅಕ್ಕ, ಇರುತ್ತೆ.

ಪೆಟ್ರೋಲ್_ಪಾಪಯ್ಯ
ಎಲ್ಲ ಸರಿ, ಮೈಲೇಜ್ ಎಷ್ಟು?

ಹುಬ್ಬಳ್ಳಿ_ಹ್ಯಾಂಡಲ್
ಬಂತಪ್ಪ. ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ ಅಂದುಕೊಂಡಿದ್ದೆ. ಟ್ಯಾಂಕ್ 15.7 ಲೀಟರ್, ಉಳಿದದ್ದು ನಿಮ್ಮ ಬಲಗೈಗೆ ಬಿಟ್ಟದ್ದು.

*(ಈ ಎಳೆಯಲ್ಲಿ ಹನ್ನೊಂದು ತಿಂಗಳ ನಂತರ ಬಂದ ಬರಹಗಳು)*

ಇಎಂಐ_ಸವಾರ
ಹಳೇ ಎಳೆ ಎಬ್ಬಿಸಿದ್ದಕ್ಕೆ ಕ್ಷಮೆ ಇರಲಿ. ಈ ಜನವರಿಯಲ್ಲಿ (2024) ಎನ್‌ಫೀಲ್ಡ್‌ನ ಶಾಟ್‌ಗನ್ 650 ಬಂತು ನೋಡಿದಿರಾ? 3.59 ಲಕ್ಷ. ಅದೇ ಎಂಜಿನ್, ಹಿಂಭಾಗ ಕತ್ತರಿಸಿ ಹಾಕಿದ್ದಾರೆ. ಹಿಂದಿನ ಸೀಟು ಬಿಚ್ಚಿ ಇಡಬಹುದು. ನಾವು ಇಲ್ಲಿ ಬೈದದ್ದು ಯಾರೋ ಓದಿದ ಹಾಗಿದೆ.

ಸ್ಕೇಲ್_ಪೆನ್ಸಿಲ್
ನೋಟಕ್ಕೆ ಶಾಟ್‌ಗನ್ ಬಿಗಿಯಾಗಿದೆ, ಒಪ್ಪುತ್ತೇನೆ. ಚಕ್ರ ಕೂಡ 18 ಮತ್ತು 17 ಇಂಚು, ಹಾಗಾಗಿ ಮುಂದೆ ಹಿಂದೆ ತೂಕ ಸಮ ಅನ್ನಿಸುತ್ತೆ. ಆದರೆ ಸೀಟು 795 ಎಂ.ಎಂ.ಗೆ ಹೋಯಿತು, ಆ ಜಾರುವ ಗೆರೆಯೂ ಹೋಯಿತು. ಅದು ಚೆಂದದ ಗಾಡಿ, ಕ್ರೂಸರ್ ಮಾತ್ರ ಅಲ್ಲ.

ಐದಡಿ_ಎರಡಿಂಚು
795? ನಾನು ಬರಲ್ಲ. ನನ್ನ ಸೂಪರ್ ಮೀಟಿಯೋರ್‌ಗೆ ಒಂಬತ್ತು ಸಾವಿರ ಕಿ.ಮೀ. ಆಯ್ತು. ವಾಚ್‌ಮನ್ ಅಂಕಲ್‌ಗೆ ಈಗ ತೋಳು ಗಟ್ಟಿಯಾಗಿದೆ.

ಗ್ಯಾರೇಜ್_ಗಿರಾಕಿ
ಹಿಂದಿನ ಸೀಟು ಬಿಚ್ಚಿ ಇಡುವ ಗಾಡಿ! ಕೊನೆಗೂ ನನಗಾಗಿ ಒಂದು ಮಾಡಿದರು. ಆದರೆ ಹೋದ ತಿಂಗಳು ನಿಶ್ಚಿತಾರ್ಥ ಆಯ್ತು. ಈಗ ಏನು ಮಾಡಲಿ?

ಹಿಂದಿನ_ಸೀಟು
ಅಭಿನಂದನೆ! ಸೀಟು ಹಾಕಿಸಿ. ಗಾರ್ಡ್ ಕೂಡ.

ದಾವಣಗೆರೆ_ದಾರಿ
ಶುಭವಾಗಲಿ ಗುರು. ನನ್ನ ಗಾಡಿ ಚೆನ್ನಾಗಿದೆ, ಬ್ಯಾಕ್‌ರೆಸ್ಟ್ ಹಾಕಿಸಿದ ಮೇಲೆ ಹಿಂಭಾಗಕ್ಕೂ ಒಂದು ಲಕ್ಷಣ ಬಂತು. ಹುಬ್ಬಳ್ಳಿ ಅಣ್ಣನಿಗೆ ಒಂದು ವಿಷಯ ಹೇಳಲೇಬೇಕು. ಮೊನ್ನೆ ಪಿ.ಬಿ. ರೋಡ್ ಸಿಗ್ನಲ್‌ನಲ್ಲಿ ಹಿಂದಿನಿಂದ ಬಂದ ಆಟೋದವರು ಪಕ್ಕಕ್ಕೆ ಬಂದು ನಿಂತು, ಗಾಡಿಯನ್ನು ಹಿಂದಿನಿಂದ ಮುಂದಕ್ಕೆ ನಿಧಾನಕ್ಕೆ ನೋಡಿ, "ಹಿಂದಿಂದ ನೋಡಿ ಬುಲೆಟ್ಟು ಅಂದ್ಕೊಂಡೆ ಸರ್, ಮುಂದೆ ಬೇರೆ ಏನೋ ಇದೆ" ಅಂದರು.

ಹುಬ್ಬಳ್ಳಿ_ಹ್ಯಾಂಡಲ್
ಎಂಟು ಪ್ಯಾರಾ ಬರೆದ ಸ್ಕೇಲ್ ಪೆನ್ಸಿಲ್ ಅವರಿಗಿಂತ ಆಟೋದವರೇ ಚುರುಕು.

ಕರಾವಳಿ_ಕ್ರೋಮ್
ಅದಿರಲಿ, ಬ್ಯಾಕ್‌ರೆಸ್ಟ್ ಹಾಕಿದ ಮೇಲೆ ಕವರ್ ಯಾವ ಸೈಜ್ ತಗೊಂಡಿರಿ? ನನ್ನದು ಹಿಂದೆ ಏರಿಕೊಂಡು ಚಕ್ರ ಅರ್ಧ ಹೊರಗೇ ಇರುತ್ತೆ.